ಹಿರಿಯರ ಧ್ವನಿಯನ್ನು ಕಾಪಿಡುವ ಬಗೆ: ಕೈಯಲ್ಲಿ ಒಯ್ಯುವ ಧ್ವನಿಮುದ್ರಣ ಯಂತ್ರದ ಆಯ್ಕೆ

ಊರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ಕುಟುಂಬಗಳು ತಮ್ಮೊಡನೆ ತಂದ ಆಸ್ತಿಯಲ್ಲಿ ಎರಡು ಬಗೆಯುಂಟು. ಪಾತ್ರೆ, ಒಡವೆ, ಪುಸ್ತಕ, ಭಾವಚಿತ್ರ ಮುಂತಾದವು ಕಣ್ಣಿಗೆ ಕಾಣುವಂಥವು. ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಪಟ್ಟಿ ಮಾಡಿ ಬೆಲೆ ಕಟ್ಟಬಹುದು. ಅಜ್ಜಿಯ ಜೋಗುಳ, ಸೋಬಾನೆ, ಆರತಿಯ ಹಾಡು, ಹಬ್ಬದ ದಿನ ಹೇಳುವ ಕಥೆ, ಊರಿನ ಮಾತಿನ ವರಸೆ ಇವು ಎರಡನೆಯ ಬಗೆಯವು. ಇವು ಇರುವುದು ಒಬ್ಬಿಬ್ಬರು ಹಿರಿಯರ ನೆನಪಿನಲ್ಲಿ ಮತ್ತು ಕಂಠದಲ್ಲಿ ಮಾತ್ರ. ಆ ಹಿರಿಯರು ಕಣ್ಮುಚ್ಚಿದ ದಿನ ಈ ಆಸ್ತಿಯೂ ಕರಗಿಹೋಗುತ್ತದೆ, ಅದಕ್ಕೆ ವಾರಸುದಾರರಿರುವುದಿಲ್ಲ.

ಈ ಮಾತು ಕೇರಳದ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕೊಚ್ಚಿಯ ಬಂದರು, ಬ್ಯಾಂಕು, ಕಾರ್ಖಾನೆಗಳಿಗೂ ತಿರುವನಂತಪುರದ ಕಚೇರಿಗಳಿಗೂ ತುಂಬಾದ ಬಾಹ್ಯಾಕಾಶ ಕೇಂದ್ರಕ್ಕೂ ಉದ್ಯೋಗನಿಮಿತ್ತ ಬಂದು ನೆಲೆಸಿದವರುಂಟು. ಅನೇಕ ತಲೆಮಾರುಗಳ ಹಿಂದೆಯೇ ತುಳುನಾಡಿನಿಂದ ಬಂದು ಇಲ್ಲಿನ ದೇವಾಲಯಗಳಲ್ಲಿ ಪೂಜೆಗೆ ನಿಂತ ಎಂಬ್ರಾಂದಿರಿ ಮನೆತನಗಳೂ ಉಂಟು. ಮೊಮ್ಮಕ್ಕಳು ಶಾಲೆಯಲ್ಲಿ ಮಲಯಾಳವನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಅರ್ಥವಾದರೂ ಹಾಡಿನ ಧಾಟಿ ಅವರ ನಾಲಗೆಗೆ ಬರುವುದಿಲ್ಲ. ಆದುದರಿಂದ ಹಿರಿಯರು ಆರೋಗ್ಯದಿಂದಿರುವಾಗಲೇ ಅವರ ಧ್ವನಿಯನ್ನು ಮುದ್ರಿಸಿಡುವುದು ಪ್ರತಿ ಕುಟುಂಬದ, ಪ್ರತಿ ಸಂಘದ ಕರ್ತವ್ಯವಾಗಿದೆ. ಇದಕ್ಕೆ ತಕ್ಕ ಯಂತ್ರವನ್ನು ಆರಿಸಿಕೊಳ್ಳುವುದು ಹೇಗೆ, ಕೊಂಡ ಬಳಿಕ ಬಳಸುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಟ್ಟಾಂಚೇರಿ ಕಲಿಸುವ ಪಾಠ

ಬರೆದಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ಕೊಚ್ಚಿಯಲ್ಲಿಯೇ ದೊರೆಯುತ್ತದೆ. ಮಟ್ಟಾಂಚೇರಿ ಮತ್ತು ಸುತ್ತಲಿನ ಊರುಗಳಲ್ಲಿ ಬಾಳಿದ ಯೆಹೂದಿ ಸಮಾಜದ ಹೆಂಗಸರು ಮದುವೆ ಮತ್ತು ಹಬ್ಬಗಳಲ್ಲಿ ಮಲಯಾಳ ಭಾಷೆಯ ಹಾಡುಗಳನ್ನು ಹಾಡುತ್ತಿದ್ದರು. ಹಾಡುಗಳ ಸಾಹಿತ್ಯವನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು. 1950ರ ದಶಕದ ನಡುಭಾಗದಲ್ಲಿ ಈ ಸಮಾಜದ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಮಲಯಾಳ ಬೇಕಾಗಲಿಲ್ಲ.

1970ರ ದಶಕದಿಂದ ಮೊದಲುಗೊಂಡು ಶರ್ಲಿ ಐಸೆನ್‌ಬರ್ಗ್, ಬಾರ್ಬರಾ ಜಾನ್ಸನ್ ಮೊದಲಾದವರು ಈ ಕೈಬರಹದ ಪುಸ್ತಕಗಳನ್ನು ಕಲೆಹಾಕಿದರು. ವಯಸ್ಸಾದ ಹೆಂಗಸರಿಂದ ಹಾಡಿಸಿ ಟೇಪಿನಲ್ಲಿ ಮುದ್ರಿಸಿಕೊಂಡರು. ಮುಂದೆ ಕೇರಳದ ವಿದ್ವಾಂಸರಾದ ಸ್ಕರಿಯಾ ಸಕರಿಯಾ ಅವರು ಸಾಹಿತ್ಯದ ಸಂಪಾದನೆಯಲ್ಲಿ ಶ್ರಮಿಸಿದರು. 2004ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯೆಹೂದಿ ಸಂಗೀತ ಸಂಶೋಧನ ಕೇಂದ್ರವು ಆಯ್ದ ಹಾಡುಗಳ ಧ್ವನಿಮುದ್ರಿಕೆಯನ್ನು ಹೊರತಂದಿತು. ಪುಸ್ತಕಗಳಲ್ಲಿದ್ದ ಹಾಡುಗಳ ಪೈಕಿ ಯಾರಾದರೂ ಹಾಡಿ ಮುದ್ರಿಸಿಕೊಟ್ಟವು ಮಾತ್ರ ಇಂದು ಹಾಡುಗಳಾಗಿ ಉಳಿದಿವೆ. ಹಾಡಬಲ್ಲವರು ಇಲ್ಲವಾದ ಬಳಿಕ ದೊರೆತವು ಬರಿಯ ಅಕ್ಷರಗಳಾಗಿ ಉಳಿದಿವೆ. ಕಾಗದವು ಪದವನ್ನು ಉಳಿಸುತ್ತದೆ, ಧಾಟಿಯನ್ನು ಉಳಿಸಲಾರದು ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಕ್ಷೇತ್ರಕ್ಕೆ ಹೋಗಿ ಧ್ವನಿ ಮುದ್ರಿಸಿಕೊಳ್ಳುವ ಕಾರ್ಯ ದಕ್ಷಿಣ ಭಾರತಕ್ಕೆ ಹೊಸದಲ್ಲ. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ಭಾರವಾದ ಯಂತ್ರಗಳನ್ನು ಹೊತ್ತು ಕೇರಳ, ಕರ್ನಾಟಕ, ತಮಿಳುನಾಡಿನ ಪ್ರದೇಶಗಳಲ್ಲಿ ಸಂಚರಿಸಿ ಸಂಗೀತವನ್ನು ಮುದ್ರಿಸಿದರು. 46 ವರ್ಷಗಳ ಬಳಿಕ, 1984ರಲ್ಲಿ, ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹಿಡಿದುಕೊಂಡು ಅವೇ ಪ್ರದೇಶಗಳಿಗೆ ಮರಳಿ ಬಂದು, ಉಳಿದುದೆಷ್ಟು, ಬದಲಾದುದೆಷ್ಟು ಎಂದು ಹೋಲಿಸಿ ನೋಡಿದರು. ಕರಾವಳಿಯಲ್ಲಿ 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಅವರೊಡನೆ ಗೋಪಾಲ ನಾಯ್ಕರ ಬಾಯಿಂದ ತುಳು ಸಿರಿ ಮಹಾಕಾವ್ಯವನ್ನು ಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದ ಆ ಪಠ್ಯ 15,683 ಸಾಲುಗಳಷ್ಟು ದೀರ್ಘವಾಗಿದೆ. ಒಬ್ಬ ವ್ಯಕ್ತಿಯ ಕಂಠದಲ್ಲಿ ಎಷ್ಟು ದೊಡ್ಡ ಸಂಪತ್ತು ಅಡಗಿರಬಲ್ಲುದು ಎಂಬುದು ಇದರಿಂದ ತಿಳಿಯುತ್ತದೆ.

ಬಾಕೆಯವರ ಕಾಲದಲ್ಲಿ ಈ ಕೆಲಸಕ್ಕೆ ಹೊರೆಗಟ್ಟಲೆ ಸಾಮಾನು ಬೇಕಾಗಿತ್ತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ ಬಂದ ಮೇಲೆ ಅದು ಸುಲಭವಾಯಿತು. ಇಂದು ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಯಂತ್ರ ಸಾಮಾನ್ಯ ಗೃಹಸ್ಥನ ಕೈಗೂ ಎಟುಕುವಂತಿದೆ. ಆದರೆ ಅಂಗಡಿಯಲ್ಲಿ ಹತ್ತಾರು ಮಾದರಿಗಳು ಇರುವುದರಿಂದ ಯಾವುದನ್ನು ಕೊಳ್ಳಬೇಕೆಂಬ ಗೊಂದಲ ಸಹಜ. ಮುಂದೆ ವಿವರಿಸುವ ಆರು ಅಂಶಗಳನ್ನು ಗಮನಿಸಿದರೆ ಈ ಗೊಂದಲ ಬಹುಮಟ್ಟಿಗೆ ನೀಗುತ್ತದೆ.

1. ಮುದ್ರಣದ ರೂಪ

ಡಿಜಿಟಲ್ ಯಂತ್ರವು ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದುಕೊಳ್ಳುತ್ತದೆ. ಮನುಷ್ಯನ ಕಿವಿಗೆ ಕೇಳುವ ಕಂಪನಗಳು ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗೆ. ಯಾವುದೇ ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಈ ಕಾರಣದಿಂದಲೇ ಸಂಗೀತದ ಸಿಡಿಗಳಲ್ಲಿ ಸೆಕೆಂಡಿಗೆ 44,100 ಅಳತೆಗಳು ನಿಗದಿಯಾದವು. ಅಳತೆಯ ಸೂಕ್ಷ್ಮತೆಯನ್ನು ಬಿಟ್ ಎಂಬ ಏಕಮಾನದಲ್ಲಿ ಹೇಳುತ್ತಾರೆ. ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್ ವ್ಯಾಪ್ತಿ ದೊರೆಯುವುದರಿಂದ 16 ಬಿಟ್‌ಗೆ 96, 24 ಬಿಟ್‌ಗೆ 144 ಡೆಸಿಬೆಲ್ ಎಂದು ಲೆಕ್ಕ.

ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘವು ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಕನಿಷ್ಠ 48,000 ಅಳತೆ, 24 ಬಿಟ್ ಇರಬೇಕೆಂದು ಸಲಹೆ ಮಾಡಿದೆ. ಮನೆಯ ಹಿರಿಯರ ಧ್ವನಿಗೂ ಇದೇ ಮಟ್ಟವನ್ನು ಇಟ್ಟುಕೊಳ್ಳುವುದು ಯೋಗ್ಯ. ಕಡತವು ವೇವ್ ಎಂಬ ಸಂಕ್ಷೇಪಿಸದ ರೂಪದಲ್ಲಿರಬೇಕು. ಎಂಪಿ3 ರೂಪವು ಜಾಗವನ್ನು ಉಳಿಸುವುದಕ್ಕಾಗಿ ಧ್ವನಿಯ ಕೆಲವು ಅಂಶಗಳನ್ನು ಕಿತ್ತುಹಾಕುತ್ತದೆ. ಒಮ್ಮೆ ಹೋದ ಅಂಶ ಮತ್ತೆ ಬಾರದು. ಬಂಧುಗಳಿಗೆ ಕಳುಹಿಸುವ ಪ್ರತಿಯನ್ನು ಎಂಪಿ3 ಮಾಡಬಹುದು, ಮೂಲಪ್ರತಿಯನ್ನು ಮಾಡಬಾರದು.

ಜಾಗದ ಲೆಕ್ಕ ಹೀಗಿದೆ. 48,000 ಅಳತೆ, 24 ಬಿಟ್, ಎರಡು ಕಾಲುವೆಗಳ ಸ್ಟೀರಿಯೋ ಮುದ್ರಣಕ್ಕೆ ಸೆಕೆಂಡಿಗೆ 2,88,000 ಬೈಟ್, ಅಂದರೆ ಗಂಟೆಗೆ ಸುಮಾರು 1.04 ಗಿಗಾಬೈಟ್ ಬೇಕು. 32 ಗಿಗಾಬೈಟಿನ ಒಂದು ಕಾರ್ಡಿನಲ್ಲಿ ಸುಮಾರು 30 ಗಂಟೆಗಳ ಮುದ್ರಣ ಹಿಡಿಸುತ್ತದೆ. ಒಂದು ಸಂಘವು 20 ಮಂದಿ ಹಿರಿಯರಿಂದ ತಲಾ 3 ಗಂಟೆಯಂತೆ 60 ಗಂಟೆ ಮುದ್ರಿಸಿಕೊಂಡರೂ ಒಟ್ಟು 63 ಗಿಗಾಬೈಟಿಗಿಂತ ಕಡಮೆಯೇ ಆಗುತ್ತದೆ. ಇಂದಿನ ಹಾರ್ಡ್ ಡಿಸ್ಕುಗಳ ಗಾತ್ರಕ್ಕೆ ಇದು ಅತ್ಯಲ್ಪ. ಆದುದರಿಂದ ಜಾಗದ ಉಳಿತಾಯಕ್ಕಾಗಿ ಗುಣವನ್ನು ಬಲಿಗೊಡಬೇಕಾದ ಅಗತ್ಯವೇ ಇಲ್ಲ. 96,000 ಅಳತೆಗೆ ಜಾಗ ಇಮ್ಮಡಿಯಾಗುತ್ತದೆ. ಮಾತು ಮತ್ತು ಹಾಡಿಗೆ ಅದರಿಂದ ಕಿವಿಗೆ ತಿಳಿಯುವಂತಹ ಲಾಭವಿಲ್ಲ.

2. ಮೈಕಿನ ಸ್ವಭಾವ

ಕೈಯಂತ್ರಗಳಲ್ಲಿ ಮೈಕುಗಳು ಒಳಗೇ ಅಡಕವಾಗಿರುತ್ತವೆ. ಅವುಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಎಲ್ಲ ದಿಕ್ಕಿನ ಶಬ್ದವನ್ನೂ ಸಮನಾಗಿ ಹಿಡಿಯುವುದು ಒಂದು. ಎದುರಿನ ಶಬ್ದವನ್ನು ಹೆಚ್ಚಾಗಿಯೂ ಬೆನ್ನ ಹಿಂದಿನದನ್ನು ಕಡಮೆಯಾಗಿಯೂ ಹಿಡಿಯುವುದು ಇನ್ನೊಂದು. ಟ್ಯಾಸ್ಕಾಮ್ ಡಿಆರ್-05ಎಕ್ಸ್ ಮೊದಲನೆಯ ಬಗೆಗೆ ಸೇರಿದರೆ, ಟ್ಯಾಸ್ಕಾಮ್ ಡಿಆರ್-07ಎಕ್ಸ್ ಹಾಗೂ ಜೂಮ್ ಎಚ್1ಎನ್ ಎರಡನೆಯ ಬಗೆಗೆ ಸೇರುತ್ತವೆ. ನಾಲ್ಕೈದು ಮಂದಿ ವೃತ್ತಾಕಾರವಾಗಿ ಕುಳಿತು ಸೋಬಾನೆ ಹಾಡುವಾಗ ನಡುವೆ ಇಡಲು ಮೊದಲನೆಯದು ಅನುಕೂಲ. ಎರ್ನಾಕುಳಂನ ರಸ್ತೆ ಬದಿಯ ಮನೆಯಲ್ಲಿ ಒಬ್ಬರ ಮಾತನ್ನು ಹಿಡಿಯಲು ಎರಡನೆಯದು ಮೇಲು. ಅದರ ಬೆನ್ನನ್ನು ಕಿಟಕಿಯ ಕಡೆಗೆ ತಿರುಗಿಸಿದರೆ ವಾಹನದ ಸದ್ದು ಒಂದಿಷ್ಟು ತಗ್ಗುತ್ತದೆ.

ಆದರೆ ಮೈಕಿನ ಬಗೆಗಿಂತಲೂ ಅದನ್ನು ಇಡುವ ದೂರವೇ ಮುಖ್ಯ. ದೂರ ಅರ್ಧವಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಒಂದು ಮೀಟರ್ ದೂರದಲ್ಲಿದ್ದ ಯಂತ್ರವನ್ನು 25 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್ ಗಳಿಕೆ; ಕೋಣೆಯ ಇತರ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಸಾಧಾರಣ ಬೆಲೆಯ ಯಂತ್ರವನ್ನು ಹತ್ತಿರದಲ್ಲಿಟ್ಟರೆ, ದುಬಾರಿ ಯಂತ್ರವನ್ನು ದೂರದಲ್ಲಿಟ್ಟುದಕ್ಕಿಂತ ಉತ್ತಮ ಫಲ ದೊರೆಯುತ್ತದೆ ಎಂಬುದು ಈ ವಿದ್ಯೆಯ ಮೊದಲ ಸೂತ್ರ. ಬಾಯಿಗೆ ನೇರವಾಗಿ ಇಡದೆ ತುಸು ಓರೆಯಾಗಿ ಇಟ್ಟರೆ ಪಕಾರ, ಬಕಾರ, ಭಕಾರಗಳನ್ನು ಉಚ್ಚರಿಸುವಾಗ ಉಸಿರು ಬಡಿಯುವ ಸದ್ದು ಬರುವುದಿಲ್ಲ.

3. ಯಂತ್ರದ ಒಳಗಿನ ಸದ್ದು

ಎಲ್ಲ ಯಂತ್ರಗಳೂ ತಮ್ಮದೇ ಆದ ಸಣ್ಣ ಸುಯ್ಯೆಂಬ ಸದ್ದನ್ನು ಮುದ್ರಣಕ್ಕೆ ಸೇರಿಸುತ್ತವೆ. ಸಣ್ಣ ಕಂಠದ ಮುದುಕಿಯೊಬ್ಬರು ಮೆಲ್ಲನೆ ಹಾಡಿದಾಗ ಈ ಸದ್ದು ಎದ್ದು ಕೇಳಿಸುತ್ತದೆ. ವಿವರ ಪತ್ರಿಕೆಯಲ್ಲಿ ಇದನ್ನು ಋಣಸಂಖ್ಯೆಯಾಗಿ ಕೊಟ್ಟಿರುತ್ತಾರೆ. ಹೋಲಿಸುವ ಯಂತ್ರಗಳೆರಡರಲ್ಲಿಯೂ ಏಕಮಾನ ಒಂದೇ ಆಗಿದ್ದರೆ, ಮೈನಸ್ 120ಕ್ಕಿಂತ ಮೈನಸ್ 125 ಉತ್ತಮವೆಂದು ತಿಳಿಯಬೇಕು. ಅಂಕಿ ಇಲ್ಲದಿದ್ದರೆ ಕಿವಿಯೇ ಪ್ರಮಾಣ: ಅಂಗಡಿಯ ನಿಶ್ಶಬ್ದವಾದ ಮೂಲೆಯಲ್ಲಿ ಮಾತಿನ ಮಟ್ಟಕ್ಕೆ ಯಂತ್ರವನ್ನು ಹೊಂದಿಸಿ, ಒಂದು ನಿಮಿಷ ಸುಮ್ಮನೆ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಯಂತ್ರವನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಎಷ್ಟು ಗರಗರ ಸದ್ದು ಬರುತ್ತದೆಂಬುದನ್ನೂ ಆಗಲೇ ಪರೀಕ್ಷಿಸಬಹುದು.

4. ಮಟ್ಟದ ಹೊಂದಾಣಿಕೆ

ಧ್ವನಿ ಯಂತ್ರದ ಮಿತಿಯನ್ನು ಮೀರಿದರೆ ಅಲೆಯ ತುದಿ ಕತ್ತರಿಸಿದಂತಾಗಿ ಒಡಕು ಉಂಟಾಗುತ್ತದೆ. ಅದನ್ನು ಆಮೇಲೆ ಸರಿಪಡಿಸುವುದು ಕಷ್ಟಸಾಧ್ಯ. ಅತಿ ಗಟ್ಟಿಯಾದ ಕ್ಷಣವು ಮೈನಸ್ 12 ಡೆಸಿಬೆಲಿನ ಆಸುಪಾಸಿನಲ್ಲಿರುವಂತೆ ಮೊದಲೇ ಹೊಂದಿಸಿಕೊಳ್ಳುವುದು ಸುರಕ್ಷಿತ. 2024ರಲ್ಲಿ ಬಂದ ಜೂಮ್ ಎಚ್1 ಎಸೆನ್ಷಿಯಲ್ ಮೊದಲಾದ ಯಂತ್ರಗಳು 32 ಬಿಟ್ ಫ್ಲೋಟ್ ಎಂಬ ವಿಧಾನದಲ್ಲಿ ಮುದ್ರಿಸುತ್ತವೆ. ಇವುಗಳಲ್ಲಿ ಮಟ್ಟವನ್ನು ಹೊಂದಿಸುವ ಗೊಡವೆಯೇ ಇಲ್ಲ. ಮೆಲ್ಲನೆಯದನ್ನೂ ಗಟ್ಟಿಯಾದುದನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಸರಿದೂಗಿಸಿಕೊಳ್ಳಬಹುದು. ಮೊದಲ ಬಾರಿಗೆ ಯಂತ್ರ ಹಿಡಿಯುವವರಿಗೆ ಇದು ದೊಡ್ಡ ಸೌಕರ್ಯ. ಆದರೆ ಮೈಕಿಗೆ ಅದರದೇ ಮಿತಿ ಇದೆಯೆಂಬುದನ್ನು ಮರೆಯಬಾರದು. ಉತ್ಸವದ ಚೆಂಡೆಮೇಳದ ಮುಂದೆ ಯಂತ್ರ ಹಿಡಿದು ನಿಂತರೆ ಯಾವ ಬಿಟ್ಟೂ ಕಾಪಾಡಲಾರದು. ದೂರ ಸರಿಯುವುದೊಂದೇ ದಾರಿ.

5. ಬ್ಯಾಟರಿ ಮತ್ತು ಕಾರ್ಡು

ಬಜಾರಿನಲ್ಲಿ ಎಲ್ಲೆಲ್ಲಿಯೂ ಸಿಗುವ ಸಣ್ಣ ಬ್ಯಾಟರಿಗಳಿಂದ ನಡೆಯುವ ಯಂತ್ರ ಕ್ಷೇತ್ರಕ್ಕೆ ಹೆಚ್ಚು ಯೋಗ್ಯ. ಜೂಮ್ ಎಚ್1ಎನ್ ಎರಡು ಎಎಎ ಬ್ಯಾಟರಿಗಳಿಂದಲೂ, ಟ್ಯಾಸ್ಕಾಮ್ ಡಿಆರ್-40ಎಕ್ಸ್ ಮೂರು ಎಎ ಬ್ಯಾಟರಿಗಳಿಂದಲೂ ನಡೆಯುತ್ತವೆ. ಮತ್ತೆ ಮತ್ತೆ ಚಾರ್ಜ್ ಮಾಡುವ ಬ್ಯಾಟರಿಗಳ ಒತ್ತಡ 1.5 ವೋಲ್ಟ್ ಅಲ್ಲ, 1.2 ವೋಲ್ಟ್. ಯಂತ್ರದ ಪಟ್ಟಿಯಲ್ಲಿ ಬ್ಯಾಟರಿಯ ಬಗೆಯನ್ನು ಸರಿಯಾಗಿ ಸೂಚಿಸದಿದ್ದರೆ ಉಳಿದ ಶಕ್ತಿಯ ಗುರುತು ತಪ್ಪು ತೋರಿಸುತ್ತದೆ. ಯಾವಾಗಲೂ ಒಂದು ಜೊತೆ ಹೆಚ್ಚಿನ ಬ್ಯಾಟರಿ, ಒಂದು ಹೆಚ್ಚಿನ ಕಾರ್ಡು ಚೀಲದಲ್ಲಿರಬೇಕು. ಕಾರ್ಡನ್ನು ಹೆಸರಾಂತ ತಯಾರಕರದೇ ನೋಡಿ, ನಂಬಿಕೆಯ ಅಂಗಡಿಯಿಂದ ರಸೀದಿ ಪಡೆದು ಕೊಳ್ಳಬೇಕು.

6. ಬಳಸುವ ಸುಲಭತೆ

ಗುಂಡಿಗಳು ಕನ್ನಡಕವಿಲ್ಲದೆಯೂ ತಿಳಿಯುವಂತಿರಬೇಕು. ಕೆಲವು ಯಂತ್ರಗಳಲ್ಲಿ ಮುದ್ರಣದ ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರ ಕೇವಲ ಸಿದ್ಧವಾಗಿ ನಿಲ್ಲುತ್ತದೆ, ಎರಡನೆಯ ಬಾರಿ ಒತ್ತಿದಾಗ ಮಾತ್ರ ಮುದ್ರಣ ಮೊದಲಾಗುತ್ತದೆ. ಕೆಂಪು ದೀಪ ಮಿನುಗುವುದನ್ನೇ ಮುದ್ರಣವೆಂದು ನಂಬಿ ಒಂದು ಗಂಟೆಯ ಮಾತನ್ನು ಕಳೆದುಕೊಳ್ಳುವ ಸಂಭವವುಂಟು. ಕಾಲಸೂಚಕದ ಅಂಕಿಗಳು ಓಡುತ್ತಿವೆಯೇ ಎಂದು ನೋಡುವ ಅಭ್ಯಾಸವಿರಬೇಕು. ಎಸೆನ್ಷಿಯಲ್ ಮಾಲೆಯ ಯಂತ್ರಗಳಲ್ಲಿ ದೃಷ್ಟಿ ಮಂದವಾದವರಿಗಾಗಿ ಮಾತಿನ ಮೂಲಕ ಸೂಚನೆ ಕೊಡುವ ವ್ಯವಸ್ಥೆಯೂ ಇದೆ.

ಯಾರಿಗೆ ಯಾವ ಯಂತ್ರ?

ಮೇಲಿನ ಅಂಶಗಳ ಆಧಾರದಿಂದ ಮೂರು ದರ್ಜೆಗಳನ್ನು ಗುರುತಿಸಬಹುದು. ಮೊದಲನೆಯದು ಕೈಯಲ್ಲಿರುವ ಮೊಬೈಲ್ ಫೋನು. ಇದು ಸದ್ದನ್ನು ತನ್ನ ಇಚ್ಛೆಯಂತೆ ಏರಿಸಿ ಇಳಿಸುತ್ತದೆ. ಹಲವು ಫೋನುಗಳು ಧ್ವನಿಯನ್ನು ಸಂಕ್ಷೇಪಿಸುತ್ತವೆ. ನಡುವೆ ಕರೆ ಬಂದರೆ ಮುದ್ರಣ ನಿಲ್ಲುವುದೂ ಉಂಟು. ಆದರೂ ಹಿರಿಯರ ಆರೋಗ್ಯ ಸೂಕ್ಷ್ಮವಾಗಿದ್ದರೆ ಯಂತ್ರ ಕೊಳ್ಳುವವರೆಗೆ ಕಾಯುವುದು ಸಲ್ಲದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹತ್ತಿರದಲ್ಲಿಟ್ಟು, ಆ ದಿನವೇ ಮುದ್ರಿಸಿಕೊಳ್ಳುವುದು ವಿವೇಕ.

ಎರಡನೆಯ ದರ್ಜೆ ಜೂಮ್ ಎಚ್1ಎನ್, ಎಚ್1 ಎಸೆನ್ಷಿಯಲ್, ಟ್ಯಾಸ್ಕಾಮ್ ಡಿಆರ್-05ಎಕ್ಸ್, ಡಿಆರ್-07ಎಕ್ಸ್‌ಗಳಂತಹ ಸಣ್ಣ ಯಂತ್ರಗಳದು. ಒಂದು ಕುಟುಂಬದ ಅಗತ್ಯಕ್ಕೆ ಇವು ಧಾರಾಳವಾಗಿ ಸಾಕು. ಮೂರನೆಯದು ಹೊರಗಿನ ದೊಡ್ಡ ಮೈಕುಗಳನ್ನು ಜೋಡಿಸಲು ಎಕ್ಸ್‌ಎಲ್‌ಆರ್ ಕೊಂಡಿಗಳೂ, ಅವಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತೂ ಉಳ್ಳ ಜೂಮ್ ಎಚ್4 ಎಸೆನ್ಷಿಯಲ್, ಎಚ್5, ಟ್ಯಾಸ್ಕಾಮ್ ಡಿಆರ್-40ಎಕ್ಸ್ ಮೊದಲಾದವು. ಯಕ್ಷಗಾನ, ನಾಟಕ, ಭಜನೆಗಳನ್ನೂ ಮುದ್ರಿಸಬಯಸುವ ಸಂಘಗಳು ಒಂದನ್ನು ಕೊಂಡು ಸದಸ್ಯರಿಗೆ ಸರದಿಯಂತೆ ಎರವಲು ಕೊಡಬಹುದು.

ಖರ್ಚಿನ ಹಂಚಿಕೆಯಲ್ಲಿ ಎಚ್ಚರ ಬೇಕು. ಎಲ್ಲ ಹಣವನ್ನೂ ಯಂತ್ರಕ್ಕೇ ಸುರಿದು ಉಳಿದುದನ್ನು ಮರೆಯುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಮೀಸಲಿಟ್ಟ ಹಣ 100 ಭಾಗವೆಂದು ಭಾವಿಸಿದರೆ, 50 ಭಾಗ ಯಂತ್ರಕ್ಕೆ, 15 ಭಾಗ ಹೆಡ್‌ಫೋನು, ಗಾಳಿತಡೆಯುವ ತುಪ್ಪಳದ ಹೊದಿಕೆ ಮತ್ತು ಚಿಕ್ಕ ಮುಕ್ಕಾಲಿಗೆ, 10 ಭಾಗ ಕಾರ್ಡು ಬ್ಯಾಟರಿಗಳಿಗೆ, 25 ಭಾಗ ಪ್ರತಿಗಳನ್ನಿಡುವ ಡಿಸ್ಕುಗಳಿಗೆ ಎಂದು ಇಟ್ಟುಕೊಳ್ಳುವುದು ಸಮತೂಕದ ಹಂಚಿಕೆ. ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಸವೆದುಹೋಗುತ್ತದೆ. ಮುದ್ರಿಸಿದ ಧ್ವನಿಯ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತದೆ. ಎಲ್ಲಿ ಹೆಚ್ಚು ರಕ್ಷಣೆ ಬೇಕೆಂಬುದು ಇದರಿಂದಲೇ ಸ್ಪಷ್ಟ.

ಕೇರಳದ ಹವೆ ಮತ್ತು ಯಂತ್ರ

ಕೊಚ್ಚಿ, ತಿರುವನಂತಪುರಗಳ ಗಾಳಿಯಲ್ಲಿ ತೇವ ಹೆಚ್ಚು. ಜೂನ್ ತಿಂಗಳಿನ ಇಡವಪಾದಿ ಮಳೆಯೂ, ಅಕ್ಟೋಬರ್ ನವೆಂಬರಿನ ತುಲಾವರ್ಷವೂ ಸೇರಿ ವರ್ಷದ ಬಹುಭಾಗ ಯಂತ್ರಗಳಿಗೆ ಪರೀಕ್ಷೆಯ ಕಾಲ. ಹವಾನಿಯಂತ್ರಿತ ಕೋಣೆಯಿಂದ ಯಂತ್ರವನ್ನು ಒಮ್ಮೆಲೇ ಹೊರಗೆ ತಂದರೆ ಅದರ ಮೇಲೆ ನೀರಿನ ಪಸೆ ಕೂಡುತ್ತದೆ. ಮೈಕಿನಲ್ಲಿ ಚಟಪಟ ಸದ್ದು ಬರಲು ಇದು ಒಂದು ಕಾರಣ. ಚೀಲದಲ್ಲಿಯೇ ಅರ್ಧ ಗಂಟೆ ಬಿಟ್ಟು ಹೊರಗಿನ ಉಷ್ಣತೆಗೆ ಹೊಂದಿಕೊಂಡ ಬಳಿಕ ತೆರೆಯುವುದು ಲೇಸು. ಬಳಸದಿರುವಾಗ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಬ್ಯಾಟರಿಗಳನ್ನು ತೆಗೆದಿಡಬೇಕು, ಇಲ್ಲವಾದರೆ ಅವು ಸೋರಿ ಯಂತ್ರವನ್ನು ತಿಂದುಹಾಕುತ್ತವೆ.

ಶಂಖುಮುಖದ ಕಡಲ ದಡದಲ್ಲಾಗಲಿ, ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಬಳಿಯಾಗಲಿ ಮುದ್ರಿಸುವವರಿಗೆ ಗಾಳಿಯೇ ಶತ್ರು. ಯಂತ್ರದೊಡನೆ ಬರುವ ಸ್ಪಂಜಿನ ಟೊಪ್ಪಿಗೆ ಅಲ್ಲಿಗೆ ಸಾಲದು, ತುಪ್ಪಳದ ಹೊದಿಕೆಯೇ ಬೇಕು. ಸುಮಾರು 80 ಕಂಪನಗಳಿಗಿಂತ ಕೆಳಗಿನ ಗುಡುಗುಡು ಸದ್ದನ್ನು ತಡೆಯುವ ಸೌಲಭ್ಯ ಯಂತ್ರದಲ್ಲಿದ್ದರೆ ಬಳಸಿಕೊಳ್ಳಬಹುದು.

ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಉಳಿದಿದ್ದರೆ ಅವುಗಳನ್ನೂ ಈ ಯಂತ್ರದಿಂದಲೇ ರಕ್ಷಿಸಬಹುದು. ಕ್ಯಾಸೆಟ್ ಪ್ಲೇಯರಿನ ಹೆಡ್‌ಫೋನ್ ಕೊಂಡಿಯಿಂದ ತಂತಿಯೊಂದನ್ನು ಯಂತ್ರದ ಲೈನ್ ಕೊಂಡಿಗೆ ಜೋಡಿಸಿ, ಮಟ್ಟವನ್ನು ತಗ್ಗಿಸಿಕೊಂಡು ಮುದ್ರಿಸಿದರಾಯಿತು. ಬೂಷ್ಟು ಹಿಡಿದ ಟೇಪನ್ನು ಮಾತ್ರ ಹಾಗೆಯೇ ನಡೆಸಬಾರದು, ಬಲ್ಲವರಿಂದ ಶುಚಿಗೊಳಿಸಿಕೊಳ್ಳಬೇಕು.

ಹಿರಿಯರ ಆರೋಗ್ಯದ ಕಡೆಗೆ ಗಮನ

ಮುದ್ರಣಕ್ಕೆ ಫ್ಯಾನಿನ ಸದ್ದು ದೊಡ್ಡ ತೊಡಕು. ಆದರೆ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ವೃದ್ಧರನ್ನು ಫ್ಯಾನಿಲ್ಲದೆ ಗಂಟೆಗಟ್ಟಲೆ ಕೂರಿಸುವುದು ಅಪಾಯಕರ. ಬೆಳಗಿನ ತಂಪು ಹೊತ್ತನ್ನು ಆರಿಸಿಕೊಂಡು, ಹತ್ತು ನಿಮಿಷ ಮುದ್ರಿಸಿ, ಮತ್ತೆ ಫ್ಯಾನು ಹಾಕಿ ನೀರು ಕೊಟ್ಟು ವಿರಮಿಸಲು ಬಿಡುವುದು ಉಚಿತ. ಒಂದು ದಿನಕ್ಕೆ ಅರ್ಧ ಗಂಟೆಯ ಮುದ್ರಣ ಸಾಕು. ಹೃದ್ರೋಗ, ಉಬ್ಬಸಗಳುಳ್ಳವರನ್ನು ಎತ್ತರದ ಸ್ವರದಲ್ಲಿ ಹಾಡಲು ಒತ್ತಾಯಿಸಬಾರದು. ಮೆಲ್ಲನೆ ಗುನುಗಿದರೂ ಧಾಟಿ ಉಳಿಯುತ್ತದೆ. ಕಿವಿ ಮಂದವಾದವರ ಎದುರಿಗೆ ಕುಳಿತು, ತುಟಿಯ ಚಲನೆ ಕಾಣುವಂತೆ ನಿಧಾನವಾಗಿ ಕೇಳಬೇಕು, ಕೂಗಬಾರದು. ಮರೆವು ಇರುವವರಿಗೆ ತಾರೀಕು ಇಸವಿಗಳನ್ನು ಕೇಳಿ ಪೀಡಿಸುವುದಕ್ಕಿಂತ, ಒಂದು ಹಾಡಿನ ಮೊದಲ ಸಾಲನ್ನು ನೆನಪಿಸಿದರೆ ಉಳಿದುದು ತಾನಾಗಿ ಬರುವುದುಂಟು.

ಯಂತ್ರ ಹಿಡಿದವರೂ ತಮ್ಮ ಕಿವಿಯನ್ನು ಕಾಪಾಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಿಂತ ಹೆಚ್ಚಿನ ಆಲಿಕೆ ಕ್ಷೇಮವಲ್ಲ. ಮಟ್ಟ ಏರಿದಂತೆ ಈ ಅವಧಿ ವೇಗವಾಗಿ ಇಳಿಯುತ್ತದೆ. ಮೆಲ್ಲನೆಯ ಮುದ್ರಣವನ್ನು ಕೇಳಲು ಹೆಡ್‌ಫೋನನ್ನು ಪೂರ್ತಿ ಏರಿಸಿದ್ದಾಗ ಒಮ್ಮೆಲೇ ಗಟ್ಟಿ ಸದ್ದು ಬಂದರೆ ಕಿವಿಗೆ ಹಾನಿಯಾಗಬಹುದು.

ಒಪ್ಪಿಗೆ, ದಾಖಲೆ, ಪ್ರತಿ

ಮುದ್ರಣಕ್ಕೆ ಮೊದಲು ಹಾಡುವವರ ಒಪ್ಪಿಗೆ ಪಡೆಯುವುದು ಧರ್ಮವೂ ಹೌದು, ಕಾನೂನಿನ ದೃಷ್ಟಿಯಿಂದ ಅಗತ್ಯವೂ ಹೌದು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ನೀಡಿದೆ. ಇಂದು ಆ ಹಕ್ಕಿನ ಅವಧಿ 50 ವರ್ಷ. ಮನೆಮಂದಿಗೆ ಮಾತ್ರವೋ, ಸಂಘದ ಸಂಗ್ರಹಕ್ಕೂ ಆಗಬಹುದೋ ಎಂಬುದನ್ನು ಹಿರಿಯರ ಬಾಯಿಂದಲೇ ಹೇಳಿಸಿ ಮುದ್ರಣದ ಮೊದಲಲ್ಲಿ ಸೇರಿಸಬೇಕು. ಸ್ಥಳದ ನಿಯಮಗಳಿಗೂ ತಲೆಬಾಗಬೇಕು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದೊಳಕ್ಕೆ ಮೊಬೈಲ್, ಕ್ಯಾಮರಾಗಳನ್ನು ಒಯ್ಯಲು ಅವಕಾಶವಿಲ್ಲ; ಅಂತಹ ಎಡೆಗಳಿಗೆ ಯಂತ್ರ ಒಯ್ಯುವ ವಿಚಾರವೇ ಬೇಡ.

ಮುದ್ರಣದ ಆರಂಭದಲ್ಲಿ ತಾರೀಕು, ಸ್ಥಳ, ಹಾಡುವವರ ಹೆಸರು, ವಯಸ್ಸು, ಹುಟ್ಟೂರು, ಹಾಡನ್ನು ಯಾರಿಂದ ಕಲಿತರು ಎಂಬಿಷ್ಟನ್ನು ಮಾತಿನಲ್ಲಿ ಹೇಳಬೇಕು. ಅದನ್ನೇ ಒಂದು ರಿಜಿಸ್ಟರಿನಲ್ಲಿ ಕ್ರಮಸಂಖ್ಯೆಯೊಡನೆ ಬರೆದು, ಕಡತಕ್ಕೂ ಅದೇ ಸಂಖ್ಯೆಯನ್ನು ಕೊಡಬೇಕು. ಬಾಕೆಯವರ ಮುದ್ರಣಗಳನ್ನು 46 ವರ್ಷಗಳ ನಂತರ ಮತ್ತೊಬ್ಬರು ಅದೇ ಎಡೆಗಳಿಗೆ ಒಯ್ದು ಹೋಲಿಸಲು ಸಾಧ್ಯವಾದುದು, ಎಲ್ಲಿ ಯಾವುದನ್ನು ಮುದ್ರಿಸಿತೆಂಬುದು ತಿಳಿದಿದ್ದುದರಿಂದ. ಹೆಸರಿಲ್ಲದ ಧ್ವನಿ ಹೆಸರಿಲ್ಲದ ಖಾತೆಯಂತೆ. ಅದರಲ್ಲಿ ಎಷ್ಟೇ ಇದ್ದರೂ ಯಾರದೆಂದು ಹೇಳಲಾಗದು.

ಕಾರ್ಡು ಒಯ್ಯುವ ಚೀಲವೇ ಹೊರತು ಇಡುವ ಕಪಾಟಲ್ಲ. ಮನೆಗೆ ಬಂದ ದಿನವೇ ಕಡತವನ್ನು ಬೇರೆಡೆಗೆ ನಕಲು ಮಾಡಿ, ಕೇಳಿ ನೋಡಿ, ಆಮೇಲಷ್ಟೇ ಕಾರ್ಡನ್ನು ಅಳಿಸಬೇಕು. ಮೂರು ಪ್ರತಿಗಳಿರಬೇಕು, ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ಕೊಚ್ಚಿಯ ಮನೆಯಲ್ಲಿ ಒಂದು ಡಿಸ್ಕು, ಬೆಂಗಳೂರಿನ ಬಂಧುವಿನ ಮನೆಯಲ್ಲಿ ಇನ್ನೊಂದು ಡಿಸ್ಕು, ಅಂತರ್ಜಾಲದ ಸಂಗ್ರಹದಲ್ಲಿ ಮೂರನೆಯದು ಇದ್ದರೆ ಸಾಕು. 2018ರ ಆಗಸ್ಟಿನ ಪ್ರವಾಹವನ್ನು ಕಂಡ ಕೇರಳದಲ್ಲಿ ಈ ಎಚ್ಚರಿಕೆಯ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ, ಲೆಕ್ಕಪತ್ರದ ತಪಾಸಣೆಯಂತೆ, ಡಿಸ್ಕುಗಳನ್ನು ತೆರೆದು ಎಲ್ಲವೂ ಸರಿಯಾಗಿ ನುಡಿಯುತ್ತಿವೆಯೇ ಎಂದು ನೋಡುವುದು ಕ್ಷೇಮ.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಸಂಕ್ಷೇಪಿಸದ ರೂಪದಲ್ಲಿ ಮುದ್ರಿಸುವ, ಒಳಸದ್ದು ಕಡಮೆ ಇರುವ, ಸುಲಭವಾಗಿ ನಡೆಸಬಹುದಾದ ಸಾಧಾರಣ ಬೆಲೆಯ ಯಂತ್ರವೇ ಹೆಚ್ಚಿನ ಕುಟುಂಬಗಳಿಗೆ ತಕ್ಕುದು. ಅದನ್ನು ಹತ್ತಿರ ಇಡುವುದು, ವಿವರ ಬರೆಯುವುದು, ಪ್ರತಿ ಮಾಡಿಡುವುದು ಈ ಮೂರು ಅಭ್ಯಾಸಗಳು ಯಂತ್ರದ ಬೆಲೆಗಿಂತ ಮಿಗಿಲಾದವು. ಸಂಘಗಳು ಮುಂದಿನ ರಾಜ್ಯೋತ್ಸವದೊಳಗೆ ತಮ್ಮ ಊರಿನ ಎಪ್ಪತ್ತು ದಾಟಿದ ಹಿರಿಯರ ಪಟ್ಟಿಯೊಂದನ್ನು ತಯಾರಿಸಿ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದವರ ಮನೆಯಿಂದಲೇ ಈ ಕಾರ್ಯವನ್ನು ಆರಂಭಿಸುವುದು ಯುಕ್ತ. ಯಂತ್ರಗಳು ಬರುವ ವರ್ಷವೂ ಅಂಗಡಿಯಲ್ಲಿ ದೊರೆಯುತ್ತವೆ, ಬಹುಶಃ ಇನ್ನೂ ಅಗ್ಗವಾಗಿಯೇ ದೊರೆಯುತ್ತವೆ. ಹಿರಿಯರ ಕಂಠಕ್ಕೆ ಅಂತಹ ಭರವಸೆಯನ್ನು ಯಾರೂ ಕೊಡಲಾರರು.